ಕೈ ನಿಂತ ನಿಮಿಷಗಳು

ಬೆಳಿಗ್ಗೆ ಎಂಟೂಕಾಲಿಗೆ, ಇಂದಿರಾಪುರಂನಿಂದ ನೋಯ್ಡಾದ ಆಫೀಸಿಗೆ ಹೋಗುವ ಶೇರ್ ಆಟೋದಲ್ಲಿ ಡ್ರೈವರನ ಪಕ್ಕ ಅರ್ಧ ತೊಡೆ ಹೊರಗೆ ಬಿಟ್ಟು ಕುಳಿತಿದ್ದಾಗ, ಇಂದುಶೇಖರನಿಗೆ ಆ ಸಾಲು ನೆನಪಾಯಿತು. ‘ಊಟದ ನಂತರ ದಿನಕ್ಕೊಮ್ಮೆ ಒಂದು ಮಾತ್ರೆಯನ್ನು ನುಂಗಬೇಕು.’ ಸಾಲಿನಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ. ಕೀಲುನೋವಿನ ಒಂದು ಮಾತ್ರೆಯ ಡಬ್ಬಿಯೊಳಗೆ ಮಡಚಿ ಇಡುವ ಚೀಟಿಯದು ಅದು. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು. ಮೂರು ವಾರಗಳ ಹಿಂದೆ, ಒಂದು ಗುರುವಾರ, ಅವನೇ ಕೊನೆಯದಾಗಿ ಓದಿ ಸರಿ ಇದೆಯೆಂದು ಕಳಿಸಿದ್ದು. ಇಂಗ್ಲಿಷಿನಲ್ಲಿ ವಾರಕ್ಕೊಮ್ಮೆ ಎಂದಿತ್ತು. ಅದರಲ್ಲಿ ಅನುಮಾನವಿರಲಿಲ್ಲ. ಕನ್ನಡದಲ್ಲಿ ತಾನು ಏನನ್ನು ಉಳಿಸಿದೆ ಎಂಬುದರಲ್ಲಿತ್ತು. ತಿದ್ದಿದ ನೆನಪೂ ಇತ್ತು, ತಿದ್ದದೆ ಮುಂದಕ್ಕೆ ಹೋದ ನೆನಪೂ ಇತ್ತು, ಎರಡೂ ಅಷ್ಟೇ ಸ್ಪಷ್ಟವಾಗಿದ್ದವು. ಆಟೋ ಹೊಂಡಕ್ಕಿಳಿದು ಎದ್ದಿತು. ‘ಭಾಯಿ ಸಾಬ್, ಪೈರ್ ಅಂದರ್,’ ಎಂದ ಡ್ರೈವರ್. ಇಂದುಶೇಖರ ಕಾಲನ್ನು ಒಳಗೆಳೆದುಕೊಂಡ. ಬಲಗೈ ಮಂಡಿಯ ಮೇಲೆ ತನ್ನ ಪಾಡಿಗೆ ಆಡುತ್ತಿತ್ತು; ತೋರುಬೆರಳು ಎರಡು ಸಲ, ಉಂಗುರದ ಬೆರಳು ಒಂದು ಸಲ, ಮತ್ತೆ ತೋರುಬೆರಳು. ಮನೆಯಲ್ಲಿ ತಿಂಡಿಯ ಹೊತ್ತಿಗೂ ಹೀಗೇ ಆಡಿತ್ತು. ಹೆಂಡತಿ ಪದ್ಮಾ ಉಪ್ಪಿಟ್ಟಿನ ತಟ್ಟೆಯನ್ನು ಅವನ ಕೈಗೆ ಸಿಗದಷ್ಟು ದೂರಕ್ಕೆ ಸರಿಸಿ, ‘ರೀ, ಇದು ಟೇಬಲ್ಲು, ಆಫೀಸಲ್ಲ,’ ಎಂದಿದ್ದಳು.

ಹದಿನಾಲ್ಕು ತಿಂಗಳ ಹಿಂದೆ ಅವನ ಅನುವಾದದ ಕಂಪನಿಯವರು ಎಲ್ಲರ ಕಂಪ್ಯೂಟರಿಗೂ ಒಂದು ಸಾಫ್ಟ್‌ವೇರ್ ಹಾಕಿಸಿದ್ದರು. ಪರದೆಯ ಬಲಮೂಲೆಯಲ್ಲಿ ಬಟಾಣಿ ಗಾತ್ರದ ಒಂದು ಚುಕ್ಕೆ. ಕೈ ಆಡುತ್ತಿರುವಷ್ಟು ಹೊತ್ತು ಅದು ಹಸಿರು. ಎರಡು ನಿಮಿಷ ಕೀಬೋರ್ಡನ್ನಾಗಲಿ ಮೌಸನ್ನಾಗಲಿ ಮುಟ್ಟದಿದ್ದರೆ ಕಿತ್ತಳೆ. ನಾಲ್ಕು ನಿಮಿಷಕ್ಕೆ ಹೆಸರಿನ ಮುಂದೆ ‘ಐಡಲ್’ ಎಂದು ದಾಖಲಾಗುತ್ತಿತ್ತು. ಇದಲ್ಲದೆ ಹೇಳದೆ ಕೇಳದೆ ದಿನಕ್ಕೆ ಹತ್ತಾರು ಸಲ ಮುಖದ ಫೋಟೋ. ಸಂಜೆ ಆರಕ್ಕೆ ನೂರಕ್ಕೆ ಇಷ್ಟು ಎಂದು ಅಂಕ. ಇಂದುಶೇಖರ ಇಪ್ಪತ್ತೆರಡು ವರ್ಷಗಳಿಂದ ಅನುವಾದ ಮಾಡುತ್ತ ಬಂದವನು, ಕಷ್ಟದ ವಾಕ್ಯ ಬಂದರೆ ಕಣ್ಣು ಮುಚ್ಚಿ ಕೂರುವುದು ಅವನ ರೂಢಿ. ಮೊದಲ ತಿಂಗಳಲ್ಲೇ ಕಣ್ಣು ಮುಚ್ಚಿದ ಹದಿನಾರು ಫೋಟೋಗಳು ಸಿಕ್ಕವು. ಅವನ್ನೆಲ್ಲ ಒಂದು ಹಾಳೆಯಲ್ಲಿ ಜೋಡಿಸಿ, ‘ನೀವು ಆರೋಗ್ಯವಾಗಿದ್ದೀರಾ?’ ಎಂಬ ತಲೆಬರಹ ಕೊಟ್ಟು ಎಚ್‌ಆರ್‌ನಿಂದ ಮೇಲ್ ಬಂತು. ಜೊತೆಗೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡುವುದು ಹೇಗೆ ಎಂಬ ಒಂದು ವಿಡಿಯೋ. ಅವನು ಹದಿನಾರು ಮುಖಗಳನ್ನೂ ಒಂದೊಂದಾಗಿ ನೋಡಿದ. ಏಳನೆಯದರಲ್ಲಿ ಬಾಯಿ ಸ್ವಲ್ಪ ತೆರೆದಿತ್ತು. ಅಲರ್ಜಿಗೆ ‘ಒಗ್ಗದಿರುವಿಕೆ’ ಎನ್ನಬಹುದೇ ಎಂದು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದ ಗಳಿಗೆ ಇರಬೇಕು. ಅದು ಹೊರಗಿನಿಂದ ಹೀಗೆ ಕಾಣುತ್ತದೆ ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಆ ದಿನದಿಂದ ಕಣ್ಣು ಬಿಟ್ಟುಕೊಂಡು ಯೋಚಿಸುವುದನ್ನು ಕಲಿತ. ಆಮೇಲೆ ಕೈ ಆಡಿಸುತ್ತ ಯೋಚಿಸುವುದನ್ನು ಕಲಿತ. ಆಮೇಲೆ ಕೈ ಮಾತ್ರ ಉಳಿಯಿತು.

ಮೊದಲೆಲ್ಲ ಅವನು ಎದ್ದು ಕಿಟಕಿಯ ಬಳಿ ಹೋಗಿ, ಎದುರಿನ ಕಟ್ಟಡದ ಮೇಲಿನ ಕಪ್ಪು ನೀರಿನ ಟ್ಯಾಂಕನ್ನು ನೋಡುತ್ತ ವಾಕ್ಯವನ್ನು ಪಿಸುಗುಟ್ಟುತ್ತಿದ್ದ. ಯಾರಿಗೆಂದರೆ ಅರಸೀಕೆರೆಯ ಚಿಕ್ಕಮ್ಮ ಶಾರದಮ್ಮನಿಗೆ. ಏಳನೇ ಕ್ಲಾಸಿನವರೆಗೆ ಓದಿದ ಶಾರದಮ್ಮ ಕೈಗೆ ಸಿಕ್ಕ ಅಚ್ಚಿನ ಕಾಗದವನ್ನು ಬಿಡುತ್ತಿರಲಿಲ್ಲ. ಸೋಪಿನ ಮೇಲಿನದು, ಬಲ್ಬಿನ ರಟ್ಟಿನ ಮೇಲಿನದು, ಎಲ್ಲವನ್ನೂ ತುಟಿ ಆಡಿಸಿ ಓದಿ, ಹೇಳಿದ ಹಾಗೆಯೇ ನಡೆದುಕೊಳ್ಳುತ್ತಿದ್ದಳು. ‘ಅಚ್ಚು ಹಾಕ್ಸಿದಾರೆ ಅಂದ್ರೆ ಯಾರೋ ಕೂತು ಯೋಚ್ನೆ ಮಾಡಿರ್ತಾರಪ್ಪ,’ ಎನ್ನುತ್ತಿದ್ದಳು. ಚಿಕ್ಕಮ್ಮನಿಗೆ ಅರ್ಥವಾಗುವಂತಿದ್ದರೆ ವಾಕ್ಯ ಸರಿ ಎಂದು ಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಈಗ ಕಿಟಕಿಗೆ ಹೋಗಿ ಬಂದರೆ ನಾಲ್ಕು ನಿಮಿಷ. ದಿನಕ್ಕೆ ಹತ್ತು ಸಲ ಹೋದರೆ ಅಂಕ ತೊಂಬತ್ತಕ್ಕಿಂತ ಕೆಳಗೆ. ಎರಡು ವಾರ ಹಾಗಾದರೆ ಟೀಮ್ ಲೀಡ್ ನಿಹಾರಿಕಾ ಗಾಜಿನ ಕೋಣೆಗೆ ಕರೆದು, ತನಗೆ ಇದನ್ನು ಹೇಳಲು ಇಷ್ಟವಿಲ್ಲ ಎನ್ನುತ್ತಿದ್ದಳು. ಅವಳಿಗೆ ನಿಜವಾಗಿಯೂ ಇಷ್ಟವಿರಲಿಲ್ಲ. ಲಖನೌ ಕಡೆಯ ಹುಡುಗಿ, ಮೂವತ್ತೆರಡೋ ಮೂವತ್ತಮೂರೋ. ಅವಳ ಹೆಸರಿನ ಮುಂದೆ ಬೀಳುವುದು ಎಲ್ಲರ ಅಂಕಗಳ ಸರಾಸರಿ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ಗುರುವಾರ ನಡೆದದ್ದು ಇಷ್ಟು, ಅಥವಾ ಇಷ್ಟು ನಡೆದಿರಬಹುದು. ಮೊದಲ ಕರಡು ಸ್ಫೂರ್ತಿಯದು. ಹುಬ್ಬಳ್ಳಿಯವಳು, ಸೇರಿ ಐದು ತಿಂಗಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹಿಂದೆ ಯಾವುದೋ ವಿಟಮಿನ್ ಮಾತ್ರೆಗೆ ಮಾಡಿದ್ದ ಇಂಥದೇ ವಾಕ್ಯವನ್ನು ಕಂಪ್ಯೂಟರು ನೆನಪಿಟ್ಟುಕೊಂಡು, ಇದೇ ಹಾಕಲೇ ಎಂದು ಮುಂದಿಟ್ಟಿತ್ತು. ಒಂದು ಕೀ ಒತ್ತಿದರೆ ಒಪ್ಪಿಗೆ. ಸ್ಫೂರ್ತಿ ಒತ್ತಿದ್ದಳು. ಅವನ ಸರದಿ ಬಂದಾಗ ಅವನು ನಿಂತ. ಏನೋ ಸರಿ ಇಲ್ಲ ಎನ್ನಿಸಿದ್ದು ನೆನಪಿದೆ. ಮೊಸರನ್ನದಲ್ಲಿ ಕಲ್ಲು ಸಿಕ್ಕ ಹಾಗೆ, ಹಲ್ಲಿಗೆ ಮೊದಲು ಗೊತ್ತಾಗಿ ತಲೆಗೆ ಆಮೇಲೆ ಗೊತ್ತಾಗುವಂಥದ್ದು. ಅಷ್ಟರಲ್ಲಿ ಮೂಲೆಯ ಚುಕ್ಕೆ ಕಿತ್ತಳೆಯಾಯಿತು. ಬೆರಳು ಕೆಳಗಿಳಿಯಿತು. ಯಾವ ಕೀ ಮೇಲೆ ಎಂಬುದು ನೆನಪಿಲ್ಲ. ಅಂದು ಸಂಜೆ ಅವನ ಅಂಕ ತೊಂಬತ್ತೇಳು. ಕಾಫಿ ಮಷಿನ್ನಿನ ಮೇಲಿನ ಟಿವಿಯಲ್ಲಿ ಅವನ ಮುಖ ಬಂತು, ಪಕ್ಕದಲ್ಲಿ ನಕ್ಷತ್ರ ಮಿನುಗಿತು. ಮನೆಯಲ್ಲಿ ಮಗಳು ಮಾನ್ಯಾಗೆ ಹೇಳಿದಾಗ ಅವಳು ಫೋನಿನಿಂದ ತಲೆ ಎತ್ತಿ, ‘ವಾಹ್ ಪಪ್ಪಾ, ಸ್ಟಾರ್ ಬನ್ ಗಯೇ,’ ಎಂದಿದ್ದಳು. ಅವನಿಗೆ ಖುಷಿಯಾಗಿತ್ತು. ಈಗ ಆಟೋದಿಂದ ಇಳಿದು ಗೇಟಿನಲ್ಲಿ ಕಾರ್ಡು ತೋರಿಸುವಾಗ ಅವನಿಗೆ ತಡೆಯಲಾಗದೆ ಬಂದ ನೆನಪು ಅದು, ಆ ಖುಷಿಯದು.

‘ಹಳೇ ಫೈಲ್ ಒಂದನ್ನ ತೆರೆದು ನೋಡಬೇಕಿತ್ತು,’ ಎಂದು ನಿಹಾರಿಕಾಗೆ ಹಿಂದಿಯಲ್ಲಿ ಹೇಳಿದ. ಮುಗಿದ ಫೈಲನ್ನು ತೆರೆದರೆ ಅದು ಯಾರೂ ವಹಿಸದ ಕೆಲಸ. ಆ ಹೊತ್ತಿಗೆ ಅಂಕವಿಲ್ಲ, ಮೇಲಿನವರಿಗೆ ಸಂದೇಶ ಹೋಗುತ್ತದೆ. ಆದ್ದರಿಂದ ಕೇಳಿಕೊಂಡು ತೆರೆಯುವುದು ಪದ್ಧತಿ.

‘ಯಾಕೆ ಶೇಖರ್ ಜೀ?’

‘ಒಂದು ತಪ್ಪು ಉಳಿದಿದೆಯೇನೋ ಅಂತ ಅನುಮಾನ.’

ಅವಳು ತನ್ನ ಪರದೆಯಲ್ಲಿ ಆ ಗುರುವಾರವನ್ನು ತೆಗೆದಳು. ದಿನ ಪೂರ್ತಿ ಒಂದು ಹಸಿರು ಪಟ್ಟಿ, ಮಧ್ಯೆ ಕೂದಲೆಳೆಯಷ್ಟು ತೆಳುವಾದ ಎರಡು ಕಿತ್ತಳೆ ಗೆರೆ. ‘ನೋಡಿ, ನಿಮ್ಮ ವರ್ಷದ ಅತ್ಯುತ್ತಮ ದಿನ ಇದು. ತೊಂಬತ್ತೇಳು. ಇದರಲ್ಲಿ ತಪ್ಪು ಹೇಗೆ ಬರುತ್ತೆ?’ ಎಂದಳು. ವ್ಯಂಗ್ಯವಿರಲಿಲ್ಲ. ಅವನನ್ನು ಅವನಿಂದಲೇ ಕಾಪಾಡುವ ದನಿ ಅದು. ಅವನು ಆ ಎರಡು ತೆಳು ಗೆರೆಗಳನ್ನು ನೋಡಿದ. ಒಂದು ಬೆಳಿಗ್ಗೆಯದು, ಒಂದು ಮಧ್ಯಾಹ್ನ ಮೂರರ ಹೊತ್ತಿನದು. ತಾನು ಯೋಚಿಸಿದ್ದು ಅಷ್ಟೇ ಅಗಲ. ‘ಅಚ್ಛಾ,’ ಎಂದು ಎದ್ದು ಬಂದ. ಹಾಗೆ ಎದ್ದು ಬಂದದ್ದು ಆಮೇಲೆ ಬಹಳ ದಿನ ಅವನನ್ನು ಕಾಡಿತು. ಸಮಾಧಾನದಿಂದ ಎದ್ದು ಬಂದಿದ್ದ, ತೊಂಬತ್ತೇಳು ಎನ್ನುವ ಸಂಖ್ಯೆಯನ್ನು ಒಂದು ಗಂಟೆಯ ಮಟ್ಟಿಗಾದರೂ ನಂಬಿದ್ದ.

ಹನ್ನೊಂದೂವರೆಗೆ ನೀರು ತುಂಬಿಸಿಕೊಳ್ಳುವ ಕಡೆ ಸ್ಫೂರ್ತಿ ಸಿಕ್ಕಳು. ಬಾಟಲಿ ತುಂಬಲು ನಲವತ್ತು ಸೆಕೆಂಡು. ಎಲ್ಲರೂ ಅಷ್ಟರಲ್ಲಿ ಮುಗಿಯುವ ಮಾತನ್ನೇ ಆಡುತ್ತಿದ್ದರು. ಅವನು ಸಾಲಿನ ಬಗ್ಗೆ ಹೇಳಿದ. ಅವಳು ಬಾಟಲಿಯ ಮುಚ್ಚಳವನ್ನು ತಿರುಗಿಸಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

‘ಸರ್, ಅದನ್ನ ಕೆದಕಬ್ಯಾಡ್ರಿ.’

‘ವಾರಕ್ಕೊಂದು ತಿನ್ನೋ ಮಾತ್ರೆಯಮ್ಮ ಅದು. ದಿನಾ ತಿಂದರೆ ರಕ್ತವೇ ಹುಟ್ಟೋದು ನಿಲ್ಲುತ್ತೆ.’

‘ಡಾಕ್ಟರ್ ಹೇಳಿರ್ತಾರಲ್ರಿ ಸರ್. ಚೀಟಿ ಯಾರು ಓದ್ತಾರ?’

ತುಟಿ ಆಡಿಸಿ ಓದುವ ಮುಖವೊಂದು ಅವನ ಮುಂದೆ ಬಂತು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ ಮುಖ. ಸ್ಫೂರ್ತಿ ತಗ್ಗಿದ ದನಿಯಲ್ಲಿ, ‘ಕರಡು ನಂದು. ಮುಂದಿನ ತಿಂಗಳು ನನ್ನ ಖಾಯಂ ಮಾಡೋದೈತಿ,’ ಎಂದಳು. ಆಮೇಲೆ, ಯಾರದೋ ದೂರು ಹೇಳುವಂತೆ, ‘ನಾನೂ ಅದನ್ನ ಓದಿದ್ದೇನೋ ಇಲ್ಲೋ ಗೊತ್ತಿಲ್ಲ ಸರ್. ಅವತ್ತು ಒಂಬತ್ತು ಸಾವಿರ ಶಬ್ದ ಮಾಡೇನಿ,’ ಎಂದು ತನ್ನ ಜಾಗಕ್ಕೆ ಹೊರಟುಹೋದಳು. ಕೂತವಳೇ ಒಂದು ಸಾಲು ಪೂರ್ತಿ ‘ಕಕಕಕ’ ಎಂದು ಒತ್ತಿ ಅಳಿಸಿದಳು. ಅಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಮರಾಠಿಯವರು ಮರಾಠಿಯಲ್ಲಿ, ಬಂಗಾಳಿಯವರು ಬಂಗಾಳಿಯಲ್ಲಿ, ಮಳೆ ಬಿದ್ದ ಹಾಗೆ ಕೀಗಳ ಸದ್ದು, ಅದರಲ್ಲಿ ಅರ್ಧ ಅಳಿಸುವ ಸದ್ದು. ಇಡೀ ಮಹಡಿ ಹಸಿರಾಗಿತ್ತು.

ಊಟದ ಅರ್ಧ ಗಂಟೆ ಅವನದೇ. ಒಂದೂ ಹತ್ತಕ್ಕೆ, ಟಿಫಿನ್ ಬಾಕ್ಸನ್ನು ತೆರೆಯದೆ ಬದಿಗಿಟ್ಟು, ಅವನು ಫೈಲನ್ನು ತೆರೆದ. ಮೊದಲ ಪುಟದ ಚೌಕದೊಳಗೆ ದಪ್ಪ ಅಕ್ಷರದಲ್ಲಿ ವಾರಕ್ಕೊಮ್ಮೆ ಎಂದೇ ಇತ್ತು. ಎದೆ ಹಗುರಾಯಿತು. ‘ಮಾತ್ರೆ ಸೇವಿಸುವ ವಿಧಾನ’ ಎಂಬ ಮೂರನೇ ಭಾಗದಲ್ಲಿ ದಿನಕ್ಕೊಮ್ಮೆ ಎಂದಿತ್ತು. ಊಟದ ನಂತರ ದಿನಕ್ಕೊಮ್ಮೆ ಒಂದು ಮಾತ್ರೆಯನ್ನು ನುಂಗಬೇಕು. ಅವನು ಅದನ್ನು ಎಷ್ಟು ಸಲ ಓದಿದನೆಂದರೆ ದಿನ ಎನ್ನುವ ಪದಕ್ಕೆ ಅರ್ಥ ಉಳಿಯಲಿಲ್ಲ. ಕೆಳಗೆ, ಕೊನೆಯದಾಗಿ ಪರಿಶೀಲಿಸಿದವರು ಎಂಬಲ್ಲಿ ಅವನ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಗಳಿದ್ದವು. ಇಪ್ಪತ್ತೆರಡು ವರ್ಷ ತಾನು ಯಾರಿಗೂ ಕಾಣದ ಕೆಲಸ ಮಾಡುತ್ತಿದ್ದೇನೆಂದು ಅವನಿಗೆ ಒಂದು ಕೊರಗಿತ್ತು. ಪದ್ಮಾಳ ಇಲಾಖೆಯವರು ಪರಿಚಯವಾದಾಗ ‘ನೀವೇನು ಮಾಡ್ತೀರಿ’ ಎಂದು ಕೇಳಿದರೆ, ಅವನು ಉತ್ತರಿಸುವಷ್ಟರಲ್ಲಿ ಅವರ ಕಣ್ಣು ಸಮೋಸದ ಕಡೆ ಹೋಗಿರುತ್ತಿತ್ತು. ಈಗ ಆ ಎರಡು ಅಕ್ಷರಗಳು ಯಾರಿಗಾದರೂ ಕಂಡಾವು ಎಂದು ಅವನು ಹೆದರಿದ. ಹೆದರಿದ್ದು ಮಾತ್ರೆ ತಿನ್ನುವವರಿಗಾಗಿಯಲ್ಲ, ಮೊದಲು ತನಗಾಗಿಯೇ ಎಂಬುದನ್ನೂ ಗಮನಿಸಿದ.

ಗಾಜಿನ ಕೋಣೆಯಲ್ಲಿ ನಿಹಾರಿಕಾ ಸಾಲನ್ನು ನೋಡಿದಳು. ಅವಳಿಗೆ ಕನ್ನಡ ಬಾರದು, ಅವನು ಎರಡು ಪದಗಳ ಮೇಲೆ ಬೆರಳಿಟ್ಟು ಇದು ವಾರ, ಇದು ದಿನ ಎಂದು ತೋರಿಸಿದ. ಅವಳ ಮುಖ ಬಿಳಿಚಿತು. ‘ಟಿಕೆಟ್ ಹಾಕಿ,’ ಎಂದಳು. ಟಿಕೆಟ್ ಎಂದರೆ ದೂರಿನ ಒಂದು ಫಾರಂ. ಅದು ಗುಣಮಟ್ಟ ವಿಭಾಗಕ್ಕೆ ಹೋಗಿ ಹತ್ತು ಕೆಲಸದ ದಿನಗಳೊಳಗೆ ಉತ್ತರ ಬರಬೇಕು.

‘ಗುಣಮಟ್ಟ ವಿಭಾಗ ಈಗ ಇದೆಯೇ?’

ಅವಳು ನೆನಪು ಮಾಡಿಕೊಂಡಳು. ಸಾಫ್ಟ್‌ವೇರ್ ಬಂದ ಎರಡನೇ ತಿಂಗಳಲ್ಲಿ ಆ ಆರು ಜನರನ್ನು ತೆಗೆದಿದ್ದರು. ಅವರು ದಿನವಿಡೀ ಸುಮ್ಮನೆ ಓದುತ್ತ ಕೂರುತ್ತಿದ್ದರು, ಯಾರ ಅಂಕವೂ ನಲವತ್ತು ದಾಟುತ್ತಿರಲಿಲ್ಲ.

‘ಔಷಧ ಕಂಪನಿಗೆ ನಾವೇ ಫೋನ್ ಮಾಡಿಬಿಡೋಣ,’ ಎಂದ.

‘ಗ್ರಾಹಕರ ಜೊತೆ ನೇರ ಮಾತಾಡೋ ಹಾಗಿಲ್ಲ. ನಿಮಗೆ ಗೊತ್ತಲ್ಲ. ಮೇಲಿನವರಿಗೆ ನಾನು ಬರೀತೀನಿ. ನಾಳೆಯೊಳಗೆ ಏನಾದರೂ ಹೇಳ್ತಾರೆ,’ ಎಂದು ಗಡಿಯಾರ ನೋಡಿ, ‘ಶೇಖರ್ ಜೀ, ನಿಮ್ಮ ಊಟದ ಹೊತ್ತು ಮುಗೀತು,’ ಎಂದಳು.

ಅವನು ತನ್ನ ಜಾಗಕ್ಕೆ ಹೋಗಲಿಲ್ಲ. ಇದನ್ನು ಆಮೇಲೆ ಧೈರ್ಯ ಎಂದು ಪದ್ಮಾ ಕರೆದಳು, ಆದರೆ ಆ ಗಳಿಗೆಯಲ್ಲಿ ಅವನಿಗೆ ಕಂಡದ್ದು ನಾಳೆ ಬೆಳಿಗ್ಗೆ ಊಟವೋ ತಿಂಡಿಯೋ ಮುಗಿಸಿ, ನೀರಿನ ಲೋಟ ಹಿಡಿದು, ಚೀಟಿ ಬಿಡಿಸುವ ಒಂದು ಕೈ ಮಾತ್ರ. ಲಿಫ್ಟಿನಲ್ಲಿ ಕೆಳಗಿಳಿದು, ಗೇಟು ದಾಟಿ, ಚಹಾದ ಗಾಡಿಯ ಪಕ್ಕ ನಿಂತು, ಚೀಟಿಯ ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿದ್ದ ದೂರಿನ ನಂಬರಿಗೆ ಫೋನ್ ಮಾಡಿದ. ಆ ನಂಬರನ್ನು ಇಂಗ್ಲಿಷಿನಿಂದ ಕನ್ನಡದ ಅಂಕಿಗೆ ಬದಲಿಸಬೇಕೇ ಬೇಡವೇ ಎಂದು ಹಿಂದೊಮ್ಮೆ ಅರ್ಧ ದಿನ ಚರ್ಚೆಯಾಗಿತ್ತು. ಯಂತ್ರದ ಹೆಣ್ಣು ದನಿ ಭಾಷೆ ಆರಿಸಿಕೊಳ್ಳಲು ಹೇಳಿತು. ಕನ್ನಡಕ್ಕೆ ಆರು. ಕಾಯಬೇಕೆಂದು ಹೇಳಿತು. ಅವನು ಕಾದ. ‘ಚಾಯ್, ಸರ್?’ ಎಂದ ಗಾಡಿಯ ಭಯ್ಯಾ. ಬೇಡವೆಂದು ತಲೆಯಾಡಿಸಿದ. ಇಪ್ಪತ್ತೆರಡು ನಿಮಿಷಗಳ ಮೇಲೆ ಗಂಡಸೊಬ್ಬ ಬಂದು ತನ್ನ ಹೆಸರು ಚಿದಂಬರ ಎಂದ.

‘ಹೇಳಿ ಸಾರ್. ನೀವು ಪೇಷಂಟಾ, ಪೇಷಂಟ್ ಕಡೆಯವರಾ?’

‘ಎರಡೂ ಅಲ್ಲ. ನಿಮ್ಮ ಕೀಲುನೋವಿನ ಮಾತ್ರೆಯ ಕನ್ನಡ ಚೀಟಿ ಇದೆಯಲ್ಲ, ಅದನ್ನ ಬರೆದವನು.’

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಇಂಥವರಿಗೆ ಕೇಳಬೇಕಾದ ಪ್ರಶ್ನೆ ಅವರ ಪಟ್ಟಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಇಂದುಶೇಖರ ಮೂರನೇ ಭಾಗ, ನಾಲ್ಕನೇ ಸಾಲು ಎಂದ. ಕಾಗದ ಬಿಡಿಸುವ ಸದ್ದು ಕೇಳಿತು. ಚಿದಂಬರ ಸಾಲನ್ನು ಗಟ್ಟಿಯಾಗಿ ಓದಿದ. ನಿಧಾನವಾಗಿ, ಪದ ಪದ ಬಿಡಿಸಿ. ದಿನಕ್ಕೊಮ್ಮೆ ಎಂಬಲ್ಲಿಗೆ ಬಂದು ನಿಂತ. ಆಮೇಲೆ ಬೇರೆಯೇ ದನಿಯಲ್ಲಿ, ‘ಇದು ಹೋದ ವಾರವೇ ಅಂಗಡಿಗಳಿಗೆ ಹೋಗಿದೆ ಸಾರ್. ಫೋನ್ ಇಡಬೇಡಿ,’ ಎಂದ.

ಒಟ್ಟು ನಲವತ್ತೊಂದು ನಿಮಿಷ ಅವನು ಜಾಗದಲ್ಲಿ ಇರಲಿಲ್ಲ. ಮರಳಿ ಬಂದಾಗ ಚುಕ್ಕೆ ಕೆಂಪಾಗಿತ್ತು. ಕೆಂಪು ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

ನಂತರದ್ದು ಬೇಗ ಬೇಗ ನಡೆಯಿತು, ಮತ್ತು ಬಹುಮಟ್ಟಿಗೆ ಅವನಿಲ್ಲದೆಯೇ ನಡೆಯಿತು. ಔಷಧ ಕಂಪನಿಯವರು ಅಂಗಡಿಗಳಿಂದ ಡಬ್ಬಿಗಳನ್ನು ವಾಪಸು ತರಿಸಿದರು. ಮಿಕ್ಕ ಭಾಷೆಗಳ ಚೀಟಿಗಳನ್ನೂ ಹೊರಗಿನವರಿಂದ ಓದಿಸಿದಾಗ ಇನ್ನೂ ಮೂರು ತಪ್ಪುಗಳು ಸಿಕ್ಕವು. ಮೂರೂ ಅಂಕ ತೊಂಬತ್ತೈದರ ಮೇಲಿದ್ದ ದಿನಗಳವು. ಅವರು ಎಂಟು ಭಾಷೆಗಳ ಕೆಲಸವನ್ನೂ ಕಿತ್ತುಕೊಂಡು ಬೇರೆ ಕಡೆ ಕೊಟ್ಟರು. ಅವರನ್ನು ನೋಡಿ ಇನ್ನಿಬ್ಬರು ಗ್ರಾಹಕರು ಹೋದರು. ಕಂಪನಿಯಲ್ಲಿ ವಿಚಾರಣೆಯಾಯಿತು. ಆ ಗುರುವಾರದ ಪ್ರತಿ ನಿಮಿಷವನ್ನೂ, ಪ್ರತಿ ಫೋಟೋವನ್ನೂ ಪರದೆಯ ಮೇಲೆ ಹಾಕಿ ನೋಡಿದರು. ಇಂದುಶೇಖರ ಕಣ್ಣು ತೆರೆದುಕೊಂಡು, ಬೆನ್ನು ನೇರ ಮಾಡಿಕೊಂಡು ಕೆಲಸ ಮಾಡುತ್ತಿದ್ದ. ಸ್ಫೂರ್ತಿಯೂ ಹಾಗೇ. ತಪ್ಪು ಎಲ್ಲಿ ನಡೆಯಿತೆಂದು ಪತ್ತೆಯಾಗಲಿಲ್ಲ. ನಲವತ್ತೊಂದು ನಿಮಿಷ ಮಾತ್ರ ಪತ್ತೆಯಾಯಿತು.

‘ಆ ಹೊತ್ತಿನಲ್ಲಿ ಎಲ್ಲಿದ್ದಿರಿ?’ ಎಂದು ಕೇಳಿದರು.

‘ಕೆಳಗೆ. ತಪ್ಪನ್ನು ತಿಳಿಸುತ್ತಿದ್ದೆ.’

‘ಅದಕ್ಕೆ ಅನುಮತಿ ಇತ್ತೇ?’

‘ಇರಲಿಲ್ಲ. ಆದರೆ ತಪ್ಪು ನನ್ನದು. ಗುರುವಾರ ಮಧ್ಯಾಹ್ನ ಮೂರಕ್ಕೆ ನಾನು ಅದನ್ನು ಓದದೆ ಕೀ ಒತ್ತಿದೆ. ಅದನ್ನು ಬರೆದುಕೊಳ್ಳಿ.’

ಅದನ್ನು ಅವರು ಬರೆದುಕೊಳ್ಳಲಿಲ್ಲ. ಕೀ ಒತ್ತಿದ ಗಳಿಗೆ ಪರದೆಯ ಮೇಲೆ ಹಸಿರಾಗಿಯೇ ಇತ್ತು. ಅವನನ್ನು ಕೆಲಸದಿಂದ ತೆಗೆದು ಕೊಟ್ಟ ಪತ್ರದಲ್ಲಿ, ಹೇಳದೆ ಕೆಲಸದ ಜಾಗ ಬಿಟ್ಟಿದ್ದಕ್ಕಾಗಿ ಎಂದಿತ್ತು. ಅದೇ ವಾರ, ಕೆಲಸ ಕಡಿಮೆಯಾಗಿದ್ದರಿಂದ, ಅಂಕ ಕಡಿಮೆ ಇದ್ದ ಹನ್ನೆರಡು ಜನರನ್ನೂ ಕಳಿಸಿದರು. ಅವರೆಲ್ಲ ಎರಡೆರಡು ಸಲ ಓದುವವರು. ಸ್ಫೂರ್ತಿಯ ಕೆಲಸ ಖಾಯಂ ಆಯಿತು. ಇಂದುಶೇಖರನ ಜಾಗಕ್ಕೆ ಅವಳನ್ನೇ ಹಾಕಿದರು. ಸಾಮಾನು ತುಂಬಿಕೊಳ್ಳುವಾಗ ಅವಳು ಬಂದು ಏನೋ ಹೇಳಲು ಬಾಯಿ ತೆರೆದಳು, ನಾಲ್ಕು ನಿಮಿಷದ ಲೆಕ್ಕ ನೆನಪಾಗಿ ಹಿಂತಿರುಗಿ ನೋಡಿದಳು. ‘ಹೋಗಮ್ಮ, ಕೆಲಸ ನೋಡ್ಕೋ,’ ಎಂದ. ನಿಹಾರಿಕಾ ಲಿಫ್ಟಿನವರೆಗೆ ಬಂದಳು. ‘ನಾನು ಅವತ್ತೇ ಮೇಲಿನವರಿಗೆ ಬರೆದಿದ್ದೆ ಶೇಖರ್ ಜೀ,’ ಎಂದಳು. ‘ಇನ್ನೂ ಉತ್ತರ ಬಂದಿಲ್ಲ.’ ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಪದ್ಮಾ ಕೋಪ ಮಾಡಿಕೊಳ್ಳಲಿಲ್ಲ. ಅದು ಅವನಿಗೆ ಇನ್ನಷ್ಟು ಕಷ್ಟವಾಯಿತು. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರಾಗಿದ್ದವಳು. ಅಲ್ಲಿ ಕಾಗದದಲ್ಲಿ ತಪ್ಪಾದರೆ ಅದಕ್ಕೊಂದು ತಿದ್ದುಪಡಿ, ತಿದ್ದುಪಡಿಗೊಂದು ನಂಬರು, ಆಮೇಲೆ ಅದು ಯಾರದೂ ಅಲ್ಲ. ‘ನೀವು ಸರಿಯಾದದ್ದನ್ನೇ ಮಾಡಿದಿರಿ. ಅವರೇ ಹಾಗೆ ಓಡಿಸಿದರೆ ಯಾರಾದ್ರೂ ತಪ್ಪು ಮಾಡ್ತಾರೆ,’ ಎಂದಳು. ನೆಂಟರಿಗೆ ಫೋನಿನಲ್ಲಿ, ‘ಇವರು ಧೈರ್ಯ ಮಾಡಿ ಎತ್ತಿ ತೋರಿಸಿದರು, ಅದಕ್ಕೆ ತೆಗೆದರು,’ ಎಂದು ಹೇಳುವುದು ಒಳಗಿನ ಕೋಣೆಯಿಂದ ಕೇಳಿಸುತ್ತಿತ್ತು. ಅದರಲ್ಲಿ ಸುಳ್ಳಿರಲಿಲ್ಲ. ಅವನು ಮಂಚದ ಅಂಚಿನಲ್ಲಿ ಕೂತು, ತನಗೆ ಶಿಕ್ಷೆಯಾದದ್ದು ಮಾಡಿದ ಒಳ್ಳೆಯ ಕೆಲಸಕ್ಕೆ, ಮಾಡಿದ ತಪ್ಪಿಗೆ ನಕ್ಷತ್ರ ಸಿಕ್ಕಿತ್ತು ಎಂದುಕೊಳ್ಳುತ್ತಿದ್ದ. ಯಾರಾದರೂ ಒಬ್ಬರು ಎದುರಿಗೆ ನಿಂತು, ‘ನೀನು ಓದಲಿಲ್ಲ’ ಎಂದು ಹೇಳಿದ್ದರೆ ಚೆನ್ನಾಗಿತ್ತು. ಹೇಳುವವರು ಯಾರೂ ಇರಲಿಲ್ಲ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ, ಮಾನ್ಯಾಗೆ ಚಳಿಗಾಲದ ಜಾಕೆಟ್ ಕೊಳ್ಳಲು ಮೂವರೂ ಸರೋಜಿನಿ ನಗರದ ಮಾರ್ಕೆಟ್ಟಿಗೆ ಬಂದಿದ್ದರು. ತಾಯಿ ಮಗಳು ಸ್ವೆಟರುಗಳ ಗುಡ್ಡೆಯೊಂದಕ್ಕೆ ಕೈ ಹಾಕಿ ಬುಡದಿಂದ ಬಗೆಯುತ್ತಿದ್ದರು. ‘ಮಮ್ಮಾ, ಯೇ ವಾಲಾ ನೋಡು, ಚೆನ್ನಾಗಿದೆ ನಾ?’ ಎನ್ನುತ್ತಿದ್ದಳು ಮಾನ್ಯಾ. ಇಂದುಶೇಖರ ಚೀಲ ಹಿಡಿದು ಕಂಬದ ಪಕ್ಕ ನಿಂತಿದ್ದ. ಫೋನ್ ಬಂತು. ಚಿದಂಬರ. ಹಿಂದೆ ಎರಡು ಸಲ ಅವನೇ ಚಿದಂಬರನಿಗೆ ಫೋನ್ ಮಾಡಿ, ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದ್ದ. ಹೇಳುವ ಹಾಗಿಲ್ಲ ಸಾರ್ ಎಂಬ ಉತ್ತರ ಬಂದಿತ್ತು.

‘ಇವತ್ತು ರಜ, ಮನೆಯಿಂದ ಮಾಡ್ತಿದೀನಿ,’ ಎಂದ ಚಿದಂಬರ. ‘ನೀವು ಕೇಳ್ತಾನೇ ಇದ್ರಲ್ಲ. ಒಬ್ಬರು ತಗೊಂಡಿದ್ರು. ಹೊಸದುರ್ಗದ ಹತ್ತಿರ. ಬಸ್ ಕಂಡಕ್ಟರಾಗಿ ರಿಟೈರಾದವರು. ಐದು ದಿನ, ದಿನಾ ಒಂದೊಂದು. ಬಾಯೆಲ್ಲ ಹುಣ್ಣಾಗಿ ಅನ್ನ ನುಂಗಕ್ಕಾಗ್ದೆ ಆಸ್ಪತ್ರೆಗೆ ಸೇರಿಸಿದ್ರು. ಹನ್ನೊಂದು ದಿನ ಇದ್ರು. ಮೊನ್ನೆ ಮನೆಗೆ ಬಂದಿದಾರೆ, ಈಗ ಪರವಾಗಿಲ್ಲ.’

ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತವನೊಬ್ಬ ಎರಡು ಕೈಗಳಲ್ಲಿ ಜಾಕೆಟ್ ಎತ್ತಿ ಹಿಡಿದು ಬೆಲೆ ಕೂಗುತ್ತಿದ್ದ. ಐದು ದಿನ. ನಾಲ್ಕನೇ ದಿನ ಬಾಯಿ ಉರಿ ಶುರುವಾಗಿರಬೇಕು. ಐದನೇ ದಿನವೂ ಆ ಮನುಷ್ಯ ಚೀಟಿಯನ್ನು ತೆಗೆದು ನೋಡಿ, ಅಚ್ಚಾಗಿದ್ದನ್ನು ನಂಬಿ, ನುಂಗಿದ್ದಾನೆ.

‘ನಾನು ಅವರ ಹತ್ರ ಮಾತಾಡ್ದೆ ಸಾರ್, ಕಂಪನಿ ಪರವಾಗಿ,’ ಎಂದ ಚಿದಂಬರ. ‘ಒಳ್ಳೆ ಮನುಷ್ಯ. ಬೈಲಿಲ್ಲ. ಇದನ್ನ ಬರೆದೋರು ಯಾರಪ್ಪ ಅಂತ ಮಾತ್ರ ಕೇಳಿದ್ರು.’

‘ಏನು ಹೇಳಿದಿರಿ?’

‘ಕಂಪ್ಯೂಟರ್ ಮಾಡೋದು ಅಂದೆ. ಹೌದಾ, ಹಂಗಾದ್ರೆ ಏನ್ ಮಾಡಕ್ಕಾಗುತ್ತೆ ಬಿಡಿ ಅಂದ್ರು. ಹಾಗಂದ್ರೆ ಜನಕ್ಕೆ ಸಮಾಧಾನ ಆಗುತ್ತೆ ಸಾರ್.’

‘ಹಾಗೆ ಹೇಳಬೇಡಿ,’ ಎಂದ ಇಂದುಶೇಖರ. ದನಿ ತನ್ನದಲ್ಲವೆನ್ನುವಷ್ಟು ಸಣ್ಣದಾಗಿತ್ತು, ಮತ್ತೆ ಹೇಳಿದ. ‘ದಯವಿಟ್ಟು ಇನ್ನೊಂದು ಸಲ ಫೋನ್ ಮಾಡಿ. ಮನುಷ್ಯ ಬರೆದದ್ದು ಅಂತ ಹೇಳಿ. ಓದಬೇಕಾಗಿತ್ತು, ಓದಲಿಲ್ಲ, ಒಪ್ಪಿಕೊಂಡಿದಾನೆ ಅಂತ ಹೇಳಿ. ನನ್ನ ನಂಬರು ಕೊಡಿ. ಅವರಿಗೆ ಬೈಬೇಕು ಅನ್ನಿಸಿದರೆ ಬೈಲಿ.’

‘ಅದರಿಂದ ನಿಮಗೇನು ಬಂತು ಸಾರ್?’

‘ಗೊತ್ತಿಲ್ಲ. ಹೆಸರು ಹೇಳಿ ಅವರಿಗೆ.’

ಆ ಕಡೆ ಚಿದಂಬರನ ಮನೆಯಲ್ಲಿ ಯಾವುದೋ ಖಾನೆ ಎಳೆದು ಮುಚ್ಚಿದ ಸದ್ದು, ಪೆನ್ನಿಗೆ ಹುಡುಕಾಟ. ಈ ಕಡೆ ಪದ್ಮಾ ಕಂದು ಬಣ್ಣದ ಜಾಕೆಟ್ ಒಂದನ್ನು ಎತ್ತಿ ಹಿಡಿದು, ಹೇಗಿದೆ ಎಂದು ಹುಬ್ಬಿನಲ್ಲೇ ಕೇಳಿದಳು. ಅವನು ತಡೆಯೆಂದು ಕೈ ತೋರಿಸಿದ.

‘ಪೂರ್ತಿ ಹೆಸರು ನಿಧಾನವಾಗಿ ಹೇಳಿ ಸಾರ್, ಬರ್ಕೋತೀನಿ. ಕನ್ನಡದಲ್ಲೇ ಬರ್ಕೋತೀನಿ.’

‘ಇಂದು,’ ಎಂದ.

‘ಇಂದು.’

‘ಶೇಖರ.’

‘ಶೇಖರ. ಖ ಮಹಾಪ್ರಾಣ ಅಲ್ವಾ ಸಾರ್?’

‘ಹೌದು,’ ಎಂದ ಇಂದುಶೇಖರ. ‘ಮಹಾಪ್ರಾಣ.’